ಗೆರೆ ಮುಟ್ಟುವ ತನಕ

ಉಗುಳು ಬಾರದು ಅಪ್ಪನಿಗೆ.
ಮಾತ್ರೆ ನುಂಗಿ ನುಂಗಿ ಒಣಗಿದ ಬಾಯಿ.
ಈ ಪ್ಲಾಸ್ಟಿಕ್ ನಳಿಗೆಯೋ,
ಗೆರೆ ಮುಟ್ಟುವ ತನಕ ತುಂಬಬೇಕು.
‘ನಿಂಬೆಹಣ್ಣು ನೆನೆಸಿಕೋ’ ಅಂದೆ.
ಅವನು ನೆನೆಸಿಕೊಂಡದ್ದು
ಹುದುಗಿದ ಹಿಟ್ಟಿನ ಹುಳಿ,
ನಲವತ್ತೊಂದು ವರ್ಷ ಬೇಕರಿಯಲ್ಲಿ ಮೂಗಿಗೆ ಮೆತ್ತಿದ್ದು.
ಅರ್ಧ ಗಂಟೆ ಹಿಡಿಯಿತು.
ಮುಚ್ಚಳ ತಿರುಗಿಸಿ, ಕುಲುಕಿ, ಲಕೋಟೆಗೆ ಹಾಕಿ
ಹಿಲ್‌ಟೌನಿನ ಏರಿನಲ್ಲಿ ಎದುರುಗಾಳಿಗೆ ನಡೆದೆ,
ಬಿಸಿ ರೊಟ್ಟಿಯನ್ನು ಒಯ್ಯುವ ಹಾಗೆ
ಕೋಟಿನ ಒಳಗೆ ಹಿಡಿದುಕೊಂಡು.

ಅವನಿಗೆ ಬೇಕಿರಲಿಲ್ಲ ಇದೆಲ್ಲ.
ನದಿಯ ಮೂಲ ಕೆದಕಬಾರದು ಅನ್ನುವ ಪೈಕಿ,
ಟೇ ನದಿ ಕಡಲಾಗುವ ಕಡೆ ಬೆಳೆದವನು.
‘ಬ್ರೆಡ್ಡು ಕೊಳ್ಳುವವರು ಯಾರಾದರೂ
ಯಾವ ಹೊಲದ ಗೋಧಿ ಅಂತ ಕೇಳಿದ್ದುಂಟಾ?
ಗೌರ್ಲೆಯವರು ಸಾಕಿದರು. ಮುಗಿಯಿತು.’
ಎಪ್ಪತ್ತು ದಾಟಿದರೂ ಇದೇ ಮಾತು.

ಆಮೇಲೊಂದು ದಿನ ಆಸ್ಪತ್ರೆಯ ನರ್ಸು
ಪೆನ್ನಿನ ತುದಿ ಕಚ್ಚುತ್ತ ಕೇಳಿದಳು:
ನಿಮ್ಮ ಮನೆತನದಲ್ಲಿ ಹೃದಯದ ಕಾಯಿಲೆ ಯಾರಿಗಾದರೂ?
ಅಪ್ಪ ತನ್ನ ಬೂಟಿನ ದಾರ ನೋಡುತ್ತ ಕೂತ.
ಗೊತ್ತಿಲ್ಲ ಅಂದೆ ನಾನು.
ಅದರ ಕೆಳಗಿನ ಸಾಲಿಗೂ ಗೊತ್ತಿಲ್ಲ.
ಅದರ ಕೆಳಗೂ.

ಎಡಿನ್‌ಬರೋದ ಕಚೇರಿಯಲ್ಲಿ ದಾಖಲೆ ಸಿಕ್ಕಿತು.
ಮಗು: ಆಲಿಕ್.
(ಅಪ್ಪನ ಹೆಸರು ಇನ್ನಿಸ್. ಆಲಿಕ್ ಯಾರೋ ಪಕ್ಕದ ಮನೆಯವನಂತೆ ಕೇಳಿಸಿತು.)
ತಾಯಿ: ಬೆತಿಯಾ ಗೆಡಿಸ್, ಇಪ್ಪತ್ತು,
ಸೆಣಬಿನ ಗಿರಣಿಯಲ್ಲಿ ನೇಯುವಾಕೆ.
ತಂದೆ: ಅಲ್ಲಿ ಗುಮಾಸ್ತ
ಪೆನ್ನೆತ್ತಿ ಮುಂದಿನ ಮನೆಗೆ ಹೋಗಿದ್ದಾನೆ.
ಅಂಚಿನಲ್ಲಿ ಬೇರೆ ಕೈಬರಹ, ಬೇರೆ ಶಾಯಿ,
ಒಂದೇ ಪದ: ದತ್ತು.
ಕೆಳಗೆ ಬೆತಿಯಾಳ ಸಹಿ.
ಕೊನೆಯ ಅಕ್ಷರದ ಬಾಲ ಎಷ್ಟು ಉದ್ದ ಎಳೆದಿದ್ದಾಳೆಂದರೆ
ಗೆರೆ ದಾಟಿ
ಪಕ್ಕದ ಮಗುವಿನ ಸಾಲಿಗೆ ತಾಗಿದೆ.

ಸ್ಕಾಟ್ಲೆಂಡಿನ ದಾಖಲೆಯಲ್ಲಿ ಹುಟ್ಟಿದ ಹೊತ್ತೂ ಇರುತ್ತದೆ.
ಬೆಳಗಿನ ಜಾವ ನಾಲ್ಕು ಹತ್ತು.
ಬಂದು ಹೇಳಿದೆ. ತಾಯಿಯ ಹೆಸರಿಗೆ ತಲೆ ಎತ್ತದವನು
ಇದಕ್ಕೆ ಎತ್ತಿದ.
‘ನಾಲ್ಕು ಹತ್ತಾ?
ಆಗ ಮೊದಲ ತಟ್ಟೆ ಒಲೆಗೆ ಹೋಗುವ ಹೊತ್ತು.’
ಅಷ್ಟೇ. ಮತ್ತೆ ಪತ್ರಿಕೆಯ ಪದಬಂಧ.

ಏಳು ವಾರಕ್ಕೆ ಉಗುಳಿನ ಉತ್ತರ ಬಂತು.
ನೆಟ್ಟಾ ವಿಶಾರ್ಟ್. ಊರು ಕೆನಡಾದ ಹ್ಯಾಮಿಲ್ಟನ್.
ಸಾವಿರದ ಆರುನೂರ ಎಂಬತ್ತೆರಡು ಸೆಂಟಿಮಾರ್ಗನ್.
ಅರ್ಧ ತಂಗಿ, ಇಲ್ಲವೇ ಸೋದರತ್ತೆ, ಇಲ್ಲವೇ ಅಜ್ಜಿ
ಅನ್ನುತ್ತದೆ ಯಂತ್ರ.
ಎಪ್ಪತ್ತೈದರ ಮುದುಕನಿಗೆ ಅರವತ್ತೆಂಟರ ಅಜ್ಜಿ!
ಅಪ್ಪ ನಕ್ಕ, ಕೆಮ್ಮು ಬರುವಷ್ಟು.
ಕೆಮ್ಮು ನಿಂತ ಮೇಲೆ ಕೇಳಿದ:
‘ಅರ್ಧ ಅಂದರೆ, ಯಾವ ಅರ್ಧ?’

ನೆಟ್ಟಾಳಿಗೆ ಬರೆದೆ. ನಾಲ್ಕು ಸಲ ಹರಿದು, ಐದನೆಯದು.
ಮಾರನೆಯ ದಿನವೇ ಬಂತು ಒಂದು ಸಾಲು:
ನನ್ನ ತಾಯಿಗೆ ನಾನೊಬ್ಬಳೇ.
ಆ ವಾಕ್ಯಕ್ಕೆ ಚಿಲಕ ಹಾಕಿತ್ತು.
ನಾನು ತಟ್ಟಲಿಲ್ಲ.
ಚಳಿಗಾಲ ಕಳೆಯಿತು. ಅಪ್ಪನ ಎದೆಗೆ ಸಣ್ಣ ಯಂತ್ರ ಕೂರಿಸಿದರು.
ಫಾರ್ಮಿನ ಸಾಲುಗಳಲ್ಲಿ ಮತ್ತೆ ಗೊತ್ತಿಲ್ಲ, ಗೊತ್ತಿಲ್ಲ.

ನಿನ್ನೆ ರಾತ್ರಿ, ಅವಳಿಗೆ ಅಲ್ಲಿ ಸಂಜೆ ಇರಬೇಕು,
ನಮಸ್ಕಾರವಿಲ್ಲ, ಹೆಸರಿಲ್ಲ, ಒಂದು ಪ್ರಶ್ನೆ:
ಊಟ ಮಾಡುವಾಗ ಅವನು ಗುನುಗುತ್ತಾನಾ?

ಗುನುಗುತ್ತಾನಾ!
ಅಮ್ಮ ಬದುಕಿರುವ ತನಕ ಬೈದದ್ದೇ ಅದಕ್ಕೆ.
ರಾಗವಲ್ಲ, ಹಾಡಲ್ಲ,
ತುತ್ತು ಒಳಗಿಳಿಯುವಾಗ ಮೂಗಿನಿಂದ ಹೊರಡುವ
ಗಿರಣಿಯಂಥ ಒಂದು ಸದ್ದು.
ನೆಂಟರ ಮನೆಯಲ್ಲಿ, ಮದುವೆಯಲ್ಲಿ,
ಅಜ್ಜಿ ಗೌರ್ಲೆಯ ಶವಸಂಸ್ಕಾರದ ಊಟದಲ್ಲಿ ಕೂಡ.

ಇವತ್ತು ಬಾರ್ಲಿ ಸೂಪು ಮಾಡಿದೆ. ಅವನಿಗೆ ಇಷ್ಟ.
ಪ್ರಶ್ನೆ ಓದಿ ಹೇಳಿ, ಬಟ್ಟಲು ಇಟ್ಟು,
ಎದುರಿಗೆ ಕೂತೆ.
ಅಪ್ಪ ಚಮಚ ಎತ್ತಿದ. ಊದಿದ.
ನನ್ನನ್ನು ನೋಡಿದ. ನುಂಗಿದ.
ಗಡಿಯಾರ ಕೇಳಿಸಿತು.
ಮೆಟ್ಟಿಲಲ್ಲಿ ಯಾರೋ ಸೈಕಲ್ ಹತ್ತಿಸುವುದು ಕೇಳಿಸಿತು.
ಬಟ್ಟಲು ಖಾಲಿಯಾಗುವ ತನಕ,
ಬ್ರೆಡ್ಡಿನ ತುಂಡಲ್ಲಿ ತಳ ಒರೆಸುವ ತನಕ
ತುಟಿ ಬಿಗಿದುಕೊಂಡೇ ಉಂಡ.

‘ಏನಂತ ಬರೆಯಲಿ?’ ಅಂದೆ.
‘ಇನ್ನೊಂದು ಸೌಟು ಹಾಕು’ ಅಂದ.