ಬಾಗಿಲ ಸಂದಿಯ ನಾಣ್ಯ

ಇದಕ್ಕೆ ಎಲುಬು ಅಂತ ಬೇರೆ ಇಲ್ಲ ಬೊಳ್ಳವ್ವ,
ಜೀಪಿನ ಹಾಗೆ ಕೆಳಗೆ ಎರಡು ತೊಲೆ ಹಾಸಿ
ಮೇಲೆ ಮೈ ಕೂರಿಸಿದ್ದಲ್ಲ.
ಗದ್ದೆ ಬದುವಿನ ಏಡಿ ನೋಡಿದ್ದೀಯಲ್ಲ,
ಚಿಪ್ಪೇ ಅದರ ಎಲುಬು.
ಹಾಗೆ ಈ ಡಸ್ಟರು. ನೆಲ, ಕಂಬ, ಸೂರು, ಹೊಸ್ತಿಲು
ಎಲ್ಲ ತಗಡೇ, ಮಡಿಸಿ ಮಡಿಸಿ
ಚುಕ್ಕಿ ಚುಕ್ಕಿ ಬೆಸೆದದ್ದು.

ಅವಳು ಕೇಳಿಸಿಕೊಳ್ಳಲಿಲ್ಲ. ಬಾನೆಟ್ಟಿಗೆ ಕೈ ಊರಿ
ಹೋದ ಭಾನುವಾರದ ಕೆಸರಿನ ರೇಸು ಹೇಳಿದಳು:
ಮುಂದಿನ ಎಡಚಕ್ರ ಬದುವಿನ ಮೇಲೆ,
ಹಿಂದಿನದೊಂದು ಗಾಳಿಯಲ್ಲಿ,
ಇಳಿಯೋಣ ಅಂತ ಹಿಡಿ ಎಳೆದರೆ ಬಾಗಿಲು ಬರಲಿಲ್ಲ.
ಜೀಪಿನ ಹುಡುಗರು ಹಗ್ಗ ತಂದರು,
ಜೊತೆಗೆ ನಗುವನ್ನೂ.
"ಸಂತೆಗೆ ಹೋಗೋ ಗಾಡಿ ಅಕ್ಕಾ, ಸಂತೆಗೇ ಹೋಗಲಿ."

ಜೇಬಿನಿಂದ ಒಂದು ರೂಪಾಯಿ ತೆಗೆದೆ.
ಬಾಗಿಲಿನ ಸಂದಿಯಲ್ಲಿ ಕೆಳಗಿಂದ ಮೇಲಕ್ಕೆ ಓಡಿಸಿದೆ.
ಕೀಲಿನ ಹತ್ತಿರ ಸಲೀಸು.
ಮೇಲಿನ ಮೂಲೆಯಲ್ಲಿ ಸಿಕ್ಕಿಕೊಂಡಿತು.
ಗಾಡಿ ಎಲ್ಲಿ ಹಲ್ಲು ಕಚ್ಚುತ್ತಿದೆ ಅಂತ ತಿಳಿಯಿತು.

ಬ್ಯಾಟರಿ ಬಿಚ್ಚಿ, ಸೀಟು ಕಳಚಿ, ಮ್ಯಾಟು ಎತ್ತಿದರೆ
ಒಣಗಿದ ಗದ್ದೆಮಣ್ಣು, ಮೂರು ಕಾಫಿಬೀಜ,
ಯಾರದೋ ಹೇರ್‌ಪಿನ್ನು.
ಅಡಿಗೆ ಬಳಿದ ಡಾಂಬರು ಕಾಯಿಸಿ ಕೆರೆದೆ, ಅರ್ಧ ದಿನ.
ಸಸ್ಪೆನ್ಷನ್ ಕೂರುವ ಗೋಪುರದ ಬುಡದಲ್ಲಿ
ಕೂದಲೆಳೆಯಷ್ಟು ಬಿರುಕು.
ಅದರ ತುದಿಗೆ ಮೂರು ಎಂ.ಎಂ. ತೂತು ಕೊರೆದೆ.
ಚೂಪು ತುದಿ ಇದ್ದರೆ ಅದು ಓಡುತ್ತದೆ,
ದುಂಡಗೆ ಮಾಡಿದರೆ
ಎತ್ತ ಹೋಗಬೇಕೋ ತಿಳಿಯದೆ ನಿಲ್ಲುತ್ತದೆ.

ಸಂಜೆ ಅವಳು ಪಿಕಪ್ಪಿನಲ್ಲಿ ಕಬ್ಬಿಣ ತಂದಿಳಿಸಿದಳು.
ಮಾವ ಬೆಳ್ಯಪ್ಪನವರ ಜೀಪಿನ ಚಾಸಿಸ್ ತುಂಡು,
ನಾಲ್ಕು ಎಂ.ಎಂ. ದಪ್ಪ, ಆ ಕಾಲದ ಹಠ.
"ಇದನ್ನ ಹಾಕಿ ಮೊಯ್ದುಕಾಕ. ಯಾವತ್ತೂ ಬಗ್ಗಿದ್ದಲ್ಲ."

ಬಗ್ಗಿದ್ದಲ್ಲ, ನಿಜ. ಅದೇ ತೊಂದರೆ.
ಒಂದು ಎಂ.ಎಂ. ತಗಡಿಗೆ ಇದನ್ನು ಅಂಟಿಸಿದರೆ
ಬಗ್ಗುವ ಪಾಲೆಲ್ಲ ತಗಡಿನ ತಲೆಗೇ.
ಪಟ್ಟಿ ಮುಗಿದ ಅಂಚಿನಲ್ಲಿ
ಸ್ಕೇಲಿಟ್ಟು ಕಾಗದ ಹರಿದ ಹಾಗೆ ಹರಿಯುತ್ತದೆ.
ಅವಳಿಗೆ ಇದೆಲ್ಲ ಹೇಳಲಿಲ್ಲ. "ತೂಕ ಜಾಸ್ತಿ" ಅಂದೆ.
ಅವಳು ಕಬ್ಬಿಣ ವಾಪಸು ಒಯ್ಯಲಿಲ್ಲ.

ಕುಶಾಲನಗರದಿಂದ ಎರಡು ಎಂ.ಎಂ. ತರಿಸಿದೆ.
ರಟ್ಟಿನಲ್ಲಿ ಅಳತೆ ಕತ್ತರಿಸಿ, ಪಟ್ಟಿಯ ತುದಿಗಳನ್ನು
ಮೀನಿನ ಬಾಯಿಯ ಹಾಗೆ ಸೀಳಿದೆ,
ಭಾರ ಒಂದೇ ಗೆರೆಯಲ್ಲಿ ಬಂದು ನಿಲ್ಲದಿರಲಿ.
ಗಾಡಿ ತನ್ನ ನಾಲ್ಕು ಚಕ್ರದ ಮೇಲೇ ನಿಂತಿರಬೇಕು.
ಜಾಕಿನ ಮೇಲೆ ಸೊಟ್ಟಗಿದ್ದಾಗ ಬೆಸೆದರೆ
ಆ ಸೊಟ್ಟವೇ ಅದಕ್ಕೆ ಕೊನೆತನಕ.

ಒಂದು ಇಂಚು ಇಲ್ಲಿ. ಕೈ ತೆಗೆ.
ಒಂದು ಇಂಚು ಆ ತುದಿಗೆ.
ಮುಟ್ಟಿ ನೋಡು. ಕಾಯಿ.
ಬಿಪುಲ್, ಅಸ್ಸಾಮಿನ ಹುಡುಗ, ತೋಟದ ಕೆಲಸ ಬಿಟ್ಟು ಬಂದವನು,
ಒಂದೇ ಎಳೆತಕ್ಕೆ ಮುಗಿಸೋಣ ಅನ್ನುತ್ತಾನೆ.
ಮುಗಿಸಿದರೆ ತಗಡು ಹಪ್ಪಳ.
ನಡುವೆ ಮೂರು ಸಲ ಕರೆಂಟು ಹೋಯಿತು.
ಪಾಲಿಬೆಟ್ಟದ ಕರೆಂಟು,
ಅದು ಬರುವುದೂ ಚುಕ್ಕಿ ಚುಕ್ಕಿಯೇ.

ಐದನೇ ದಿನ ಜಿಂಕ್ ಬಳಿದು, ಟೊಳ್ಳಿಗೆ ಮೇಣ ಹೊಡೆದು
ಸೀಟು ಕೂರಿಸಿದೆವು.
ಶೆಡ್ಡಿನ ಹಿಂದೆ ಎರಡು ಕಲ್ಲಿಟ್ಟು ಬಿಪುಲ್
ಮಾವನ ಕಬ್ಬಿಣವನ್ನೇ ಅಡ್ಡ ಹಾಸಿದ, ಚಕ್ರ ಹತ್ತಲಿಕ್ಕೆ.
ನಾನು ಮೇಲಿನ ಮೂಲೆಯ ಸಂದಿಗೆ ನಾಣ್ಯ ಸಿಕ್ಕಿಸಿದೆ.
ಬೊಳ್ಳವ್ವ ಮಾತಾಡದೆ ಫಸ್ಟ್ ಗೇರು ಹಾಕಿದಳು.

ಹತ್ತಿತು. ಹಿಂದಿನ ಚಕ್ರ ನೆಲ ಬಿಟ್ಟು
ಮೆಲ್ಲಗೆ ತಿರುಗುತ್ತಿತ್ತು.
ನಾನು ಪಟ್ಟಿ ಹಾಕಿದಲ್ಲಿ ಇನ್ನು ಮುರಿಯದು, ಗೊತ್ತು.
ಅದರಾಚೆ, ನಾನು ಮುಟ್ಟದ ಕಡೆ?
ಅವಳೂ ಕೇಳಲಿಲ್ಲ.

ಬಾಗಿಲು ತೆಗೆದಳು. ಬಂತು. ಹಾಕಿದಳು. ಟಪ್.
ತೆಗೆದಳು, ಹಾಕಿದಳು, ಏಳೆಂಟು ಸಲ,
ಹೊಸ ಪೆಟ್ಟಿಗೆ ಸಿಕ್ಕ ಮಗುವಿನ ಹಾಗೆ.
ಅರ್ಧ ದುಡ್ಡು ಕೊಟ್ಟು ಹೋದಳು.
ಇನ್ನರ್ಧ ರೇಸು ಮುಗಿದ ಮೇಲಂತೆ.

ಸಂಜೆ ಗುಡಿಸುವಾಗ ಆ ರೂಪಾಯಿ ಸಿಕ್ಕಿತು,
ಟೈರಿನ ಗುರುತಿನೊಳಗೆ ಮಣ್ಣು ಕಚ್ಚಿಕೊಂಡು.
ಬಾಗಿಲು ತೆಗೆದಾಗ ಬಿತ್ತೋ,
ಅದಕ್ಕೂ ಮೊದಲೇ, ಕಲ್ಲು ಹತ್ತುವಾಗ,
ಸಂದಿ ತಾನಾಗಿ ಬಾಯಿ ಬಿಟ್ಟಿತೋ.
ಉಜ್ಜಿ ಜೇಬಿಗೆ ಹಾಕಿಕೊಂಡೆ.