ಒತ್ತಿಗೆ ಎರಡು ಬೆರಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಮುಗಿದ ಮೇಲೂ ಒಂದು ವಾಸನೆ ಉಳಿಯುತ್ತದೆ,
ಹುಳುವಿನದೂ ಅಲ್ಲ, ನೂಲಿನದೂ ಅಲ್ಲ.
ಆ ವಾಸನೆಯ ಮೇಲ್ಮಹಡಿಯಲ್ಲಿ ನನ್ನ ಮೇಜು.
ಕೆಲಸ ಇಷ್ಟೇ: ಯಾವ ತಾಲ್ಲೂಕಿನಿಂದ ಎಷ್ಟು ಗೂಡು ಬಂತು
ಎಂಬುದಕ್ಕೆ ದಿನವೂ ಕಂಬ ನಿಲ್ಲಿಸುವುದು,
ಜಾಲತಾಣದಲ್ಲಿ, ಎಲ್ಲರಿಗೂ ಕಾಣುವಂತೆ.

ಕಂಬ ನಿಲ್ಲಿಸುವುದು ಸಲೀಸು.
ಅಂಕಿ ಕೊಟ್ಟರೆ ತಾನೇ ಎದ್ದು ನಿಲ್ಲುತ್ತದೆ.
ಹೆಸರು ಹಾಗಲ್ಲ.
ನಡುವಿಗಿಡು ಅಂದರೆ ತನ್ನ ಎಡತುದಿಯನ್ನು ನಡುವಿಗಿಡುತ್ತದೆ,
ಮೇಲಕ್ಕೆ ಅಂದರೆ ಕೆಳಗಿಳಿಯುತ್ತದೆ.
ಈ ತೆರೆಯೊಳಗೆ ಸೊನ್ನೆ ಇರುವುದು ನೆತ್ತಿಯಲ್ಲಿ,
ಎಣಿಕೆ ಏರಿದಷ್ಟೂ ಇಳಿಜಾರು.
ಏರಿದ್ದನ್ನು ಕಳೆದು ಬರೆಯಬೇಕು.
ಇದನ್ನು ಒಪ್ಪಲು ನನಗೆ ಒಂದು ವಾರ ಹಿಡಿಯಿತು.

ಚಿಂತಾಮಣಿ ತನ್ನ ಕಂಬದೊಳಗೆ ಹಾಯಾಗಿ ಕೂತಿತು.
ಗೌರಿಬಿದನೂರು ಎರಡೂ ಕಡೆ ಮೊಣಕೈ ಚಾಚಿ
ಬಾಗೇಪಲ್ಲಿಯ ಪಕ್ಕೆಗೆ ತಿವಿಯಿತು.
ಗುಡಿಬಂಡೆಯದೋ, ದಿನಕ್ಕೆ ಒಂದೋ ಎರಡೋ ಲಾಟು,
ಬೆಂಕಿಕಡ್ಡಿ ಮಲಗಿಸಿದಷ್ಟು ಎತ್ತರ.
ಅದರೊಳಗೆ ಬರೆದ ಬಿಳಿಯ ಅಕ್ಷರ
ಬಿಳಿಯ ಹಿನ್ನೆಲೆಗೆ ಚೆಲ್ಲಿ
ಇದ್ದೂ ಇಲ್ಲದಂತಾಯಿತು.

ಹೆಸರುಗಳನ್ನು ಓರೆ ಮಾಡಿದೆ, ನಲವತ್ತೈದು ಡಿಗ್ರಿ.
ಎಲ್ಲ ಹಿಡಿಸಿತು.
ಕೆಳಗೆ ಟೀ ಅಂಗಡಿಯ ಮುಂದೆ ಮೂವರು ರೀಲರುಗಳು
ಒಂದೇ ಮೊಬೈಲಿಗೆ ಕತ್ತು ವಾಲಿಸಿ ನಿಂತಿದ್ದರು,
ಕಿವಿಗೆ ನೀರು ಹೊಕ್ಕವರ ಹಾಗೆ.
ಮಧ್ಯಾಹ್ನವೇ ನೆಟ್ಟಗೆ ಮಾಡಿ, ಅಕ್ಷರ ಸಣ್ಣಗೆ ಮಾಡಿ,
ಮತ್ತೆ ಕಂಬಗಳ ಬುಡಕ್ಕೇ ಇಳಿಸಿದೆ.

ತಿಂಗಳು ಕಳೆದು ವಾಜಿದ್ ಸಾಬರು ಬಂದರು.
ಹಿಂದೆ, ತೆರೆಗಳಿಲ್ಲದಾಗ, ಇಲ್ಲಿಯ ಕಪ್ಪು ಹಲಗೆಗೆ
ದಿನದ ದರ ಬರೆಯುತ್ತಿದ್ದವರು;
ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ
ಇನ್ನೂ ಅವರದೇ ಕುಂಚ.
ಕನ್ನಡಕ ಏರಿಸಿ ನೋಡಿದರು. ತುಸು ಹೊತ್ತು ಸುಮ್ಮನಿದ್ದು,
"ಏನಮ್ಮಾ, ನಮ್ಮೂರಿನ ಕಾಲು ಎಲ್ಲಿ?" ಅಂದರು.

ನೋಡಿದೆ.
ಶಿಡಘಟ.
ಪಕ್ಕದಲ್ಲಿ ಚಿಕಬಳಾಪುರ.
ಒತ್ತುಗಳನ್ನೆಲ್ಲ ಚೌಕಟ್ಟು ಕತ್ತರಿಸಿತ್ತು, ಸದ್ದಿಲ್ಲದೆ.
ತಿಂಗಳಿಡೀ ಓದಿದ್ದೇನೆ ನಾನು;
ಇಲ್ಲದ್ದನ್ನು ಕಣ್ಣು ತಾನೇ ತುಂಬಿಕೊಂಡಿತ್ತು.

"ಮೊದಲು ಗೆರೆ, ಸುಣ್ಣದ ದಾರ ಮಿಡಿದು.
ಅಕ್ಷರ ಗೆರೆ ಮೇಲೆ. ಗೆರೆ ಕೆಳಗೆ ಎರಡು ಬೆರಳು ಖಾಲಿ.
ಗಿರಾಕಿ ಕೇಳೋನು, ಖಾಲಿ ಯಾಕೆ,
ಅಲ್ಲಿ ಫೋನ್ ನಂಬರ್ ಬರಿ ಅಂತ.
ಅದು ಖಾಲಿಯಲ್ಲ ಸ್ವಾಮಿ, ಒತ್ತಿನ ಜಾಗ ಅಂತಿದ್ದೆ.
ಇಂಗ್ಲಿಷಿಗೆ ಒಂದು ಬೆರಳು ಸಾಕು,
ನಮ್ಮ ಉರ್ದು ಇಳಿಜಾರಲ್ಲಿ ಓಡುತ್ತೆ,
ಕನ್ನಡ ಮಾತ್ರ ನಿಂತಲ್ಲೇ ನೆಲಮಾಳಿಗೆ ಕಟ್ಟುತ್ತೆ."

ಅಳೆದೆ. ಅವರ ಎರಡು ಬೆರಳು
ನನ್ನ ಲೆಕ್ಕದಲ್ಲಿ ಹದಿಮೂರು ಪಿಕ್ಸೆಲ್.
ಕೊಟ್ಟೆ. ಊರುಗಳು ಕಾಲೂರಿದವು.

ಉಳಿದದ್ದು ಗುಡಿಬಂಡೆ.
ಒಳಗೆ ಹಿಡಿಸದಿದ್ದರೆ ಹೊರಗಿಡು: ಒಂದೇ ಸಾಲಿನ ನಿಯಮ.
ಕಂಬದ ನೆತ್ತಿಗಿಂತ ಮೇಲೆ, ಕಡುನೀಲಿಯಲ್ಲಿ ಇಟ್ಟೆ.
ಎಲ್ಲರಿಗಿಂತ ಗಿಡ್ಡ ಕಂಬಕ್ಕೆ
ಎಲ್ಲರಿಗಿಂತ ದೊಡ್ಡ ಬಯಲು ಸಿಕ್ಕಿತು.

ಅಂದಿನ ಒಂದೇ ಲಾಟು ಆದಿಲಕ್ಷ್ಮಮ್ಮನವರದು,
ನಲವತ್ತೆರಡು ಕೆಜಿ, ಹಳದಿ ಗೂಡು.
ಚೀಟಿಗೆಂದು ಮೇಲೆ ಬಂದವರು
ತೆರೆಯಲ್ಲಿ ತಮ್ಮ ಹೆಸರು ಹುಡುಕಿದರು.
ಇಲ್ಲಿ ಊರು ಮಾತ್ರ, ಅಂದೆ.
"ಇವತ್ತು ಆ ಊರು ಅಂದರೆ ನಾನೇ ತಾನೆ?"

ಉತ್ತರ ತೋಚದೆ, ಕಂಬದ ಮೇಲೆ ಬೆರಳಿಟ್ಟರೆ ತೆರೆಯುವ
ಪುಟ್ಟ ಪೆಟ್ಟಿಗೆಯೊಳಗೆ
ಅವರ ಹೆಸರು ಬರೆದು ನೋಡಿದೆ.
ಕ್ಷ್ಮ ಇಳಿದ ಆಳಕ್ಕೆ
ಹದಿಮೂರು ಸಾಲಲಿಲ್ಲ.

ಈಗ ಎಲ್ಲ ಕಡೆಯೂ ಹದಿನೆಂಟು ಬಿಟ್ಟಿದ್ದೇನೆ.
ಸಾಹೇಬರು ಎರಡು ಸಲ ಕೇಳಿದ್ದಾರೆ,
ಕೆಳಗೆ ಇಷ್ಟು ಖಾಲಿ ಯಾಕೆ ಅಂತ.