ದಲ್ಲಾಳಿಗಳು ಬೇಡ

ಠಾಕೂರ್‌ದ್ವಾರದ ಹಿಟ್ಟಿನ ಗಿರಣಿಯ ಗೋಡೆಗೆ
ಮೈದಾ ಅಂಟಿನಲ್ಲಿ ಹಚ್ಚಿದ ಚೀಟಿ, ಮರಾಠಿಯಲ್ಲಿ:
ಹಳೇ ಸಾಗುವಾನಿ. ನೋಡಿ ಕೊಳ್ಳಿ. ದಲ್ಲಾಳಿಗಳು ಬೇಡ.
ಕೊನೆಯ ಅಂಕಿ ಒಂದೋ ಒಂಬತ್ತೋ ತಿಳಿಯಲಿಲ್ಲ.
ಎರಡನ್ನೂ ಒತ್ತಿದೆ.
ಮೊದಲು ಸಿಕ್ಕಿದವನು ಯಾರೋ ಹಲ್ಲಿನ ಡಾಕ್ಟರು.

ಶನಿವಾರ ಅರ್ಧ ದಿನ ರಜೆ ಹಾಕಿ ಹೊರಟೆ.
ಚೀಲದಲ್ಲಿ ಟೇಪು, ಒಂದು ಕೈಗರಗಸ,
ಫ್ರಿಜ್ಜಿನ ಬಾಗಿಲಿಂದ ಕಿತ್ತ ಆಯಸ್ಕಾಂತ:
ಒಂದು ಕಾಲಕ್ಕೆ ಅನಾನಸು, ಈಗ ಬರೀ ಕಪ್ಪು ಬಿಲ್ಲೆ.
ಹಳೆ ಮರ ಕೊಳ್ಳುವವರಿಗೆ ಅದೇ ಕಣ್ಣು.
ಬಣ್ಣದಡಿ ಮಲಗಿದ ಮೊಳೆಯನ್ನು
ಚಿಟಕ್ಕೆಂದು ತೋರಿಸುತ್ತದೆ.

ಮೂರನೇ ಮಾಳಿಗೆ. ಸವೆದು ಸೌಟಾದ ಮೆಟ್ಟಿಲು.
ಬಿಲ್ಡರನ ಜನ ಎಳೆದು ಹೋದ ಕೆಂಪು ಗುರುತು
ಗಣಪತಿಯ ಗೂಡಿನ ಪಕ್ಕಕ್ಕೂ.
ಇಂದುಮತಿ ಧೈರ್ಯವಾನ್, ಭೂಗೋಳದ ಟೀಚರಾಗಿದ್ದವರು,
ನನ್ನ ಬೆನ್ನ ಹಿಂದೆ ಇಣುಕಿ ಕೇಳಿದರು,
'ಬಡಗಿ ಎಲ್ಲಿ?'
'ನಾನೇ.'
'ಹೊಟ್ಟೆಪಾಡು?'
'ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ. ಭಾನುವಾರ ಮಾತ್ರ ಮರ.'
'ಎರಡೂ ಚುಚ್ಚುವ ಕೆಲಸ,' ಅಂದು ಒಳಗೆ ಬಿಟ್ಟರು.

ಅಟ್ಟ ಬಿಚ್ಚಿದ ತೊಲೆ, ಗ್ಯಾಲರಿಯ ಉದ್ದಕ್ಕೆ ಒರಗಿತ್ತು.
ಎಂಟಡಿ. ಆರಿಂಚು ನಾಲ್ಕಿಂಚು.
ಏಳು ಪದರ ಎಣ್ಣೆ ಬಣ್ಣ, ತೀರಾ ಒಳಗೆ ಪೋಸ್ಟಾಫೀಸಿನ ಕೆಂಪು.
ಗೆಣ್ಣಿನಿಂದ ಬಡಿದೆ, ಗಟ್ಟಿಯಾಗಿ ಓಗೊಟ್ಟಿತು.
ಕೀಲಿಕೈಯಿಂದ ಗೀರಿ ಮೂಗು ಇಟ್ಟೆ,
ಹೊಸ ಚಪ್ಪಲಿ ಅಂಗಡಿಯ ವಾಸನೆ.
'ಬರ್ಮಾದ್ದು,' ಅಂದರು ಟೀಚರು.
'ಬರ್ಮಾ ಎಲ್ಲಿದೆ, ಹೇಳು ನೋಡೋಣ?'
ನಾನು ಗ್ಯಾಲರಿಯಿಂದ ಕೈ ತೋರಿಸಿದ ದಿಕ್ಕಿನಲ್ಲಿ
ಅರಬ್ಬೀ ಸಮುದ್ರವಿತ್ತು.

ತೊಲೆಯ ನಡುವೆ ಒಂದು ಕಬ್ಬಿಣದ ಕೊಂಡಿ.
'ತೊಟ್ಟಿಲದ್ದಾ?' ಸುಮ್ಮನೆ ಕೇಳಿದೆ.
'ಗಿಳಿಯ ಪಂಜರದ್ದು. ನಮ್ಮ ಮಾವನಿಗೆ ಬೈಯುತ್ತಿತ್ತು.'
ಸ್ವಲ್ಪ ತಡೆದು, ಕನ್ನಡಕ ಏರಿಸಿಕೊಂಡು,
'ಓಹೋ. ನೀನು ತೊಟ್ಟಿಲು ಮಾಡುವವಳು!'

ಇಲ್ಲ ಅನ್ನಲು ಅಷ್ಟೇನು ಹೊತ್ತು ಬೇಕು?
ನಾನು ನಲವತ್ತೇಳರವಳು,
ಕೆಲಸದ ಬೆಂಚು ಬೇಕಿತ್ತು, ಅಳತೆ ಬರೆದ ಚೀಟಿ ಜೇಬಿನಲ್ಲೇ ಇತ್ತು.
ಬಾಗಿ ಆಯಸ್ಕಾಂತ ಹಿಡಿದು
ಮೊಳೆಗಳಿಗೆ ಸೀಮೆಸುಣ್ಣದ ಸೊನ್ನೆ ಸುತ್ತುತ್ತಾ ಇದ್ದುಬಿಟ್ಟೆ.
ಹನ್ನೊಂದು ಸೊನ್ನೆ ಮುಗಿಯುವಷ್ಟರಲ್ಲಿ
ನಾಲ್ಕು ಸಾವಿರ ಇಳಿದು ಎರಡೂ ಮುಕ್ಕಾಲಾಗಿತ್ತು.
ನಾನು ಚೌಕಾಸಿ ಮಾಡಿರಲಿಲ್ಲ.

ಅಲ್ಲೇ ಎರಡು ತುಂಡು ಮಾಡಿದೆ.
ಒಂದು ತುದಿ ಅವರೇ ಹಿಡಿದರು, ಮಂಡಿಯೂರಿ,
'ಸರಿಯಾಗಿ ಅರ್ಧಕ್ಕೆ, ಭೂಮಧ್ಯರೇಖೆಯ ಹಾಗೆ.'
ಸೆರಗಿನ ಮೇಲೆ ಬಿದ್ದ ಹೊಟ್ಟನ್ನು ಕೊಡವಲಿಲ್ಲ.

ಚರ್ನಿ ರೋಡಿನಿಂದ ಮೀರಾ ರೋಡಿನವರೆಗೆ
ಲಗೇಜು ಡಬ್ಬಿಯಲ್ಲಿ, ಖಾಲಿ ಮೀನುಬುಟ್ಟಿಗಳ ನಡುವೆ.
ದಾದರಿನಲ್ಲಿ ಹತ್ತಿದವಳೊಬ್ಬಳು
ಕೇಳದೆಯೇ ಬರ್ಮಾದ ಮೇಲೆ ಕೂತು
ಕಾಲು ಚಾಚಿ ನಿದ್ದೆ ಹೋದಳು.

ಟೆರೇಸಿನಲ್ಲಿ, ಮರುದಿನ, ಉದ್ದಕ್ಕೆ ಸೀಳುವಾಗ
ಬಾಡಿಗೆಗೆ ತಂದ ಗರಗಸ ಚೀರಿ ಮೂರು ಹಲ್ಲು ಉದುರಿಸಿತು.
ಒಳಗೆ ಹಿತ್ತಾಳೆಯ ತಿರುಪು.
ಹಿತ್ತಾಳೆ ಆಯಸ್ಕಾಂತಕ್ಕೆ ಕಾಣುವುದಿಲ್ಲ.
ಗೊತ್ತಿತ್ತು.

ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ಫೋನು,
ಈಗ ಕಾಂದಿವಲಿಯಿಂದ, ಹಿಂದೆ ಕುಕ್ಕರಿನ ಸೀಟಿ.
'ಎಲ್ಲಿಗೆ ಬಂತು?'
'ಮರ ಇನ್ನೂ ಆರಬೇಕು,' ಅಂದೆ, ನೂರು ವರ್ಷ ಆರಿದ ಮರಕ್ಕೆ.
ಮುಂದಿನ ವಾರ, 'ಬಣ್ಣ ಕೆತ್ತಿದೆ.'
ಈ ವಾರ, 'ನಾಲ್ಕು ಕಾಲಾಯಿತು.'
ಸುಳ್ಳಲ್ಲ.
'ತೂಗಿ ನೋಡಿದೆಯಾ?'

ಫೋನು ಕಿವಿಗೇ ಇತ್ತು.
ಬೆಂಚಿನ ಮೂಲೆಗೆ ಅಂಗೈ ಇಟ್ಟು ಒತ್ತಿದೆ.
ಒಂದು ಕಾಲು ಒಂದೇ ನೂಲು ಗಿಡ್ಡ.
ತೂಗಿತು.